ದುಡ್ಡು ಕೊಟ್ಟು ಅಧಿಕೃತ ಫ್ಯಾನ್ ಕ್ಲಬ್ ಸೇರಬೇಕೇ? – ಪ್ರಶ್ನೋತ್ತರ

ಪ್ರಶ್ನೆ (ಡೊಂಬಿವಲಿಯಿಂದ, ಒಬ್ಬ ತಾಯಿ):
ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸು ಮುಗಿಸಿದ್ದಾಳೆ. ಕೊರಿಯಾದ ಒಂದು ಬ್ಯಾಂಡ್ ಎಂದರೆ ಪ್ರಾಣ. ಅವರ ಅಧಿಕೃತ ಫ್ಯಾನ್ ಕ್ಲಬ್ಬಿಗೆ ವರ್ಷಕ್ಕೆ 25 ಡಾಲರ್, ಕಿಟ್ ಬೇಕಿದ್ದರೆ ಅದಕ್ಕೆ ಬೇರೆ. ಸೇರಿದರೆ ಅವರು ಮುಂಬೈಗೆ ಬಂದಾಗ ಟಿಕೆಟ್ ಮೊದಲು ನಮಗೇ ಸಿಗುತ್ತದೆ ಎನ್ನುತ್ತಾಳೆ. ಇದು ನಿಜವೇ? ಒಟ್ಟು ಎಷ್ಟು ಖರ್ಚು ಬೀಳುತ್ತದೆ? ನನ್ನ ಕಾರ್ಡಿನಿಂದ ಕೊಟ್ಟರೆ ತೊಂದರೆ ಇಲ್ಲವೇ? ಗುಂಪಿನಲ್ಲಿ ಟಿಕೆಟಿಂಗ್, ಬ್ಯಾಂಕು, ಕಸ್ಟಮ್ಸ್ ಕೆಲಸದವರು ಇದ್ದೀರಿ, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ (ಕಾರ್ಯಕ್ರಮಗಳ ಟಿಕೆಟಿಂಗ್, ಗೋರೆಗಾಂವ್):
ಅಕ್ಕಾ, ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಮೆಂಬರ್‌ಶಿಪ್ ಕೊಡುವುದು ಟಿಕೆಟ್ಟನ್ನಲ್ಲ, ಕಡಿಮೆ ಜನ ಇರುವ ಸಾಲಿನಲ್ಲಿ ನಿಲ್ಲುವ ಅವಕಾಶವನ್ನು. ಎಲ್ಲರಿಗೂ ಮಾರಾಟ ತೆರೆಯುವ ಮುಂಚಿನ ಆ ಸಾಲಿಗೆ ಪ್ರೀಸೇಲ್ ಎನ್ನುತ್ತಾರೆ. ಅಲ್ಲಿಯೂ ಸೀಟು ಮುಗಿಯುತ್ತದೆ, ಅಲ್ಲಿಯೂ ಬರಿಗೈಯಲ್ಲಿ ಹೊರಬರುವವರಿದ್ದಾರೆ.

ಎರಡನೆಯದು ಇನ್ನೂ ಮುಖ್ಯ. ಭಾರತದ ಶೋಗೆ ಪ್ರೀಸೇಲ್ ಯಾರಿಗೆ ಕೊಡಬೇಕು ಎಂಬುದನ್ನು ಕಲಾವಿದರ ಕಡೆಯವರು, ಇಲ್ಲಿನ ಆಯೋಜಕರು, ಪ್ರಾಯೋಜಕ ಬ್ಯಾಂಕಿನವರು ಕೂತು ಒಪ್ಪಂದದಲ್ಲಿ ತೀರ್ಮಾನಿಸುತ್ತಾರೆ. ಫ್ಯಾನ್ ಕ್ಲಬ್ಬಿಗೆ ಪಾಲು ಸಿಕ್ಕೇ ಸಿಗುತ್ತದೆ ಎಂದಿಲ್ಲ. 2024ರಲ್ಲಿ ಗಾಯಕ ದಿಲ್‌ಜಿತ್ ದೋಸಾಂಝ್ ಪ್ರವಾಸಕ್ಕೆ ಮೊದಲ ಅವಕಾಶ ಹೋದದ್ದು ಎಚ್‌ಡಿಎಫ್‌ಸಿಯ ಪಿಕ್ಸೆಲ್ ಕಾರ್ಡ್ ಇದ್ದವರಿಗೆ. ಬ್ರಿಟನ್ನಿನ ಬ್ಯಾಂಡ್ ಕೋಲ್ಡ್‌ಪ್ಲೇ 2025ರ ಜನವರಿ 18, 19, 21ರಂದು ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿಗೆ ಬಂದಾಗ, 2024ರ ಸೆಪ್ಟೆಂಬರ್ 22ರ ಮಧ್ಯಾಹ್ನ 12ಕ್ಕೆ ಮಾರಾಟ ತೆರೆದು ಲಕ್ಷಗಟ್ಟಲೆ ಜನ ಬುಕ್‌ಮೈಶೋದ ಕ್ಯೂನಲ್ಲಿ ನಿಂತರು. 2,500ರ ಟಿಕೆಟ್ ಬೇಕಾದವರೂ 35,000ದ ಲೌಂಜ್ ಬೇಕಾದವರೂ ನಿಂತದ್ದು ಅದೇ ಕ್ಯೂನಲ್ಲಿ. ಆದ್ದರಿಂದ "ಮುಂಬೈಗೆ ಯಾವಾಗಲಾದರೂ ಬರಬಹುದು" ಎಂದು ಈಗಲೇ ಸೇರಿದರೆ, ವರ್ಷ ತುಂಬಿ ಸದಸ್ಯತ್ವ ಮುಗಿಯುವುದೇ ಹೆಚ್ಚು.

ಕೊರಿಯನ್ ಬ್ಯಾಂಡುಗಳ ವಿಷಯದಲ್ಲಿ ಮಾತ್ರ ಫ್ಯಾನ್ ಕ್ಲಬ್ ಪ್ರೀಸೇಲ್ ಬಹುತೇಕ ಪದ್ಧತಿಯೇ ಆಗಿಬಿಟ್ಟಿದೆ, ಅಲ್ಲಿ ಮಗಳ ಮಾತಿಗೆ ಬಲವಿದೆ. ಆದರೆ ಅದರ ಕ್ರಮ ಗೊತ್ತಿರಬೇಕು. ಪ್ರವಾಸ ಘೋಷಣೆಯಾಗುತ್ತದೆ. ಜೊತೆಗೇ ಒಂದು ನೋಟಿಸ್ ಬರುತ್ತದೆ: ಯಾವ ಊರಿಗೆ ಪ್ರೀಸೇಲ್ ಇದೆ, ಯಾವ ಸದಸ್ಯತ್ವ ನಡೆಯುತ್ತದೆ, ಹೆಸರು ನೋಂದಾಯಿಸುವ ಗಡುವು ಯಾವತ್ತು. ಆ ಗಡುವಿನೊಳಗೆ ವೀವರ್ಸ್‌ನಂಥ ಅಭಿಮಾನಿಗಳ ಆ್ಯಪಿನಲ್ಲಿ ಪ್ರೀಸೇಲ್ ಅರ್ಜಿ ಹಾಕಬೇಕು. ಬರೀ ಸದಸ್ಯರಾಗಿದ್ದು ಅರ್ಜಿ ಹಾಕದಿದ್ದರೆ ಕೋಡೂ ಇಲ್ಲ, ಪ್ರವೇಶವೂ ಇಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಗಡುವು ಮುಗಿದ ಮೇಲೆ ದುಡ್ಡು ಕಟ್ಟಿ ಸೇರುವುದು ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ, ಆ ಶೋಗೆ ಅದು ಬರುವುದಿಲ್ಲ. ಗಡುವು ಕೊರಿಯಾ ಸಮಯದಲ್ಲಿರುತ್ತದೆ, ಅದು ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 8 ಎಂದರೆ ಇಲ್ಲಿ ಸಂಜೆ 4.30.

ಹಾಗಾಗಿ ಘೋಷಣೆ ಬಂದ ದಿನ ನೋಟಿಸ್ ಪೂರ್ತಿ ಓದಿ. ಮುಂಬೈ ಹೆಸರು ಇದ್ದರೆ ಅವತ್ತೇ ಸೇರಿ, ಅವತ್ತೇ ಅರ್ಜಿ ಹಾಕಿ. ಅದಕ್ಕೆ ಮುಂಚೆ ಬೇಡ.

ಸೇರುವಾಗ ತಪ್ಪಾಗುವ ಕಡೆಗಳು ಇವು. ಒಂದೇ ಬ್ಯಾಂಡಿಗೆ ಗ್ಲೋಬಲ್ ಮತ್ತು ಜಪಾನ್ ಎಂದು ಬೇರೆ ಬೇರೆ ಸದಸ್ಯತ್ವ ಇರಬಹುದು, ನಮಗೆ ಬೇಕಾದದ್ದು ಗ್ಲೋಬಲ್. ವೀವರ್ಸ್‌ನಲ್ಲಿ ಡಿಜಿಟಲ್ ಮೆಂಬರ್‌ಶಿಪ್ ಎಂಬ ಇನ್ನೊಂದು ಚಂದಾ ಇದೆ. ಅದು ಜಾಹೀರಾತಿಲ್ಲದೆ ವಿಡಿಯೊ ನೋಡುವಂಥ ಸೌಲಭ್ಯಗಳಿಗೆ, ಫ್ಯಾನ್ ಕ್ಲಬ್ ಸದಸ್ಯತ್ವ ಅಲ್ಲ. ಹೆಸರು ನೋಡಿ ಮೋಸಹೋಗಬೇಡಿ. ಸದಸ್ಯೆಯ ಹೆಸರು, ಹುಟ್ಟಿದ ದಿನ ಆಧಾರ್ ಅಥವಾ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಅಡ್ಡಹೆಸರು, ಬ್ಯಾಂಡಿನವರ ಹೆಸರು ಸೇರಿಸಿಕೊಂಡ ಹೆಸರು ಬೇಡವೇ ಬೇಡ. ಕೊನೆಯದು ಇಮೇಲ್. ಫ್ಯಾನ್ ಕ್ಲಬ್ಬಿನ ಇಮೇಲೂ ಟಿಕೆಟ್ ಸೈಟಿನ ಇಮೇಲೂ ಒಂದೇ ಇರಬೇಕು. ಐಫೋನಿನಲ್ಲಿ 'ನನ್ನ ಇಮೇಲ್ ಮರೆಮಾಡು' ಒತ್ತಿ ಖಾತೆ ತೆರೆದರೆ ಆ್ಯಪಲ್ ಬೇರೊಂದು ವಿಳಾಸ ಸೃಷ್ಟಿಸಿ ಕೊಡುತ್ತದೆ. ಟಿಕೆಟ್ ದಿನ ಎರಡೂ ತಾಳೆಯಾಗದೆ ಬಾಗಿಲು ತೆರೆಯುವುದಿಲ್ಲ, ಕಾರಣವೂ ಹೊಳೆಯುವುದಿಲ್ಲ.

ಉತ್ತರ (ಬ್ಯಾಂಕ್ ಕಾರ್ಡ್ ವಿಭಾಗ, ಪುಣೆ):
ಮೇಡಂ, ಲೆಕ್ಕ ಹೀಗೆ. ಡಾಲರಿಗೆ 90 ರೂಪಾಯಿ ಹಿಡಿಯಿರಿ. 25 ಡಾಲರಿಗೆ 2,250. ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಕರೆನ್ಸಿ ಮಾರ್ಕಪ್ (ಬ್ಯಾಂಕ್ ಹಿಡಿಯುವ ಶುಲ್ಕ) ಸಾಮಾನ್ಯವಾಗಿ 2ರಿಂದ 3.5 ಶೇಕಡಾ. 3.5 ಎಂದರೆ 79 ರೂಪಾಯಿ. ಆ ಮಾರ್ಕಪ್ಪಿನ ಮೇಲೆ 18 ಶೇಕಡಾ ಜಿಎಸ್‌ಟಿ, ಅಂದರೆ 14 ರೂಪಾಯಿ. ಒಟ್ಟು 2,343ರ ಆಸುಪಾಸು. ಪಾವತಿ ಪುಟದಲ್ಲಿ 'ರೂಪಾಯಿಯಲ್ಲೇ ಕೊಡಿ' ಎಂಬ ಆಯ್ಕೆ ಬಂದರೆ ಒತ್ತಬೇಡಿ. ವಿನಿಮಯ ದರವನ್ನು ಅವರು ತಮಗೆ ಲಾಭವಾಗುವಂತೆ ಹಾಕುತ್ತಾರೆ, ಕೆಲವು ಬ್ಯಾಂಕುಗಳು ಅದರ ಮೇಲೂ ಶುಲ್ಕ ಹಿಡಿಯುತ್ತವೆ. ಡಾಲರಿನಲ್ಲೇ ಕೊಡಿ.

ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಬಂದ್ ಇರುತ್ತದೆ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳು ಬರುವುದೇ ಹಾಗೆ. ಬ್ಯಾಂಕಿನ ಆ್ಯಪಿನಲ್ಲಿ ಇಂಟರ್‌ನ್ಯಾಷನಲ್ ಆನ್‌ಲೈನ್ ಚಾಲೂ ಮಾಡಿ, ಮಿತಿ 3,000ಕ್ಕೆ ಇಡಿ, ಕೆಲಸ ಮುಗಿದ ಕೂಡಲೇ ಬಂದ್ ಮಾಡಿ. ಮಗಳ ಕೈಗೆ ಕಾರ್ಡ್ ಕೊಡಬೇಕಾಗಿಲ್ಲ, ಪಾವತಿ ನೀವೇ ಮಾಡಿ, ಸದಸ್ಯತ್ವ ಅವಳ ಹೆಸರಿನಲ್ಲಿರಲಿ. ರುಪೇ ಕಾರ್ಡ್ ಎಷ್ಟೋ ವಿದೇಶಿ ಸೈಟುಗಳಲ್ಲಿ ನಡೆಯುವುದಿಲ್ಲ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಯಾರಿಟ್ಟುಕೊಳ್ಳಿ.

ಪ್ರತಿವರ್ಷ ತಾನಾಗಿ ನವೀಕರಣ ಆಗುವ ಕ್ಲಬ್ಬುಗಳ ಬಗ್ಗೆ ಒಂದು ಎಚ್ಚರಿಕೆ. 2021ರ ಅಕ್ಟೋಬರ್ 1ರಿಂದ ಇಂಥ ಕಡಿತಕ್ಕೆ ಇ-ಮ್ಯಾಂಡೇಟ್, ಅಂದರೆ ನೀವು ಮೊದಲೇ ಕೊಟ್ಟ ಒಪ್ಪಿಗೆ ಬೇಕು, ಬ್ಯಾಂಕ್ 24 ಗಂಟೆ ಮುಂಚೆ ತಿಳಿಸಬೇಕು. ಎಷ್ಟೋ ವಿದೇಶಿ ಸಂಸ್ಥೆಗಳು ಈ ವ್ಯವಸ್ಥೆಗೆ ಸೇರಿಲ್ಲ. ಆಗ ನವೀಕರಣದ ಕಡಿತವನ್ನು ಬ್ಯಾಂಕ್ ತಿರಸ್ಕರಿಸುತ್ತದೆ, ಸದಸ್ಯತ್ವ ಸದ್ದಿಲ್ಲದೆ ಮುಗಿದಿರುತ್ತದೆ. ಸದಸ್ಯತ್ವವು ಅರ್ಜಿಯ ದಿನವೂ ಟಿಕೆಟ್ ಮಾರಾಟದ ದಿನವೂ ಜೀವಂತ ಇರಬೇಕಾದ್ದರಿಂದ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಪ್ರಶ್ನೆ (ಡೊಂಬಿವಲಿ):
ಧನ್ಯವಾದ ಸರ್. ಮತ್ತೆ ಆ ಕಿಟ್? ಫೋಟೊ ಕಾರ್ಡ್, ಡೈರಿ, ಬ್ಯಾಡ್ಜ್ ಎಲ್ಲ ಇರುತ್ತದಂತೆ, ಅದೂ 25 ಡಾಲರೇ.

ಉತ್ತರ (ಕಸ್ಟಮ್ಸ್ ಕ್ಲಿಯರಿಂಗ್, ಅಂಧೇರಿ):
ಕಿಟ್ ವಿಷಯದಲ್ಲಿ ನನ್ನ ಉತ್ತರ ನೇರ: ಬೇಡ. ಮೂಗಿಗಿಂತ ಮೂಗುತಿ ಭಾರ. ಯಾಕೆ ಎಂದು ಹೇಳುತ್ತೇನೆ.

ಕೊರಿಯಾದಿಂದ ಕೊರಿಯರ್ ಖರ್ಚು 20 ಡಾಲರ್ ಎಂದಿಟ್ಟುಕೊಳ್ಳಿ. ಸುಂಕ ಹಾಕುವುದು 25ರ ಮೇಲಲ್ಲ, ಸಾಗಣೆಯ ಒಂದು ಪಾಲನ್ನೂ ವಿಮೆಯನ್ನೂ ಸೇರಿಸಿದ ಬೆಲೆಯ ಮೇಲೆ. ಸ್ವಂತ ಬಳಕೆಗೆ ತರಿಸಿದ ವಸ್ತು 9804 ಎಂಬ ಶೀರ್ಷಿಕೆಯಡಿ ಬರುತ್ತದೆ. ಮೊದಲು ಮೂಲ ಸುಂಕ, ಅನ್ವಯಿಸಿದರೆ ಅದರ ಮೇಲೆ ಸರ್ಚಾರ್ಜ್, ಇವನ್ನೆಲ್ಲ ಸರಕಿನ ಬೆಲೆಗೆ ಕೂಡಿಸಿದ ಮೇಲೆ ಅದರ ಮೇಲೆ ಆಮದಿನ ಜಿಎಸ್‌ಟಿಯಾದ ಐಜಿಎಸ್‌ಟಿ. ತೆರಿಗೆಯ ಮೇಲೆ ತೆರಿಗೆ ಕೂರುವುದರಿಂದ ದರ ಪಟ್ಟಿಯಲ್ಲಿ ಕಂಡದ್ದಕ್ಕಿಂತ ಒಟ್ಟು ಮೊತ್ತ ಮೇಲೇರುತ್ತದೆ. ಅದರಾಚೆ ಕೊರಿಯರ್ ಕಂಪನಿಯ ಕ್ಲಿಯರೆನ್ಸ್ ಶುಲ್ಕ, ಅದಕ್ಕೂ ಜಿಎಸ್‌ಟಿ. ಬಜೆಟ್ಟಿನಲ್ಲಿ ದರ ಬದಲಾಗುತ್ತಿರುವುದರಿಂದ ತರಿಸುವ ಮುನ್ನ ಕೇಂದ್ರ ಸುಂಕ ಮಂಡಳಿಯಾದ ಸಿಬಿಐಸಿಯ ಸೈಟಿನಲ್ಲಿ 9804ರ ಅವತ್ತಿನ ದರ ನೋಡಿ.

ಮಾರುವವರಿಗೆ ಹೇಳಿ ಪೊಟ್ಟಣದ ಮೇಲೆ 'ಗಿಫ್ಟ್' ಎಂದು ಬರೆಸಿದರೆ ಸುಂಕ ತಪ್ಪುತ್ತದೆ ಎಂದು ಮಕ್ಕಳ ಗುಂಪುಗಳಲ್ಲಿ ಸಲಹೆ ಓಡಾಡುತ್ತದೆ. ಅದನ್ನು ದಯವಿಟ್ಟು ಕೇಳಬೇಡಿ. 2019ರ ಡಿಸೆಂಬರಿನಿಂದ ಉಡುಗೊರೆಯ ಹೆಸರಿನಲ್ಲಿ ಸುಂಕವಿಲ್ಲದೆ ತರಿಸುವ ದಾರಿಯನ್ನು ಸರ್ಕಾರ ಮುಚ್ಚಿದೆ. ಜೀವರಕ್ಷಕ ಔಷಧಿ, ರಾಖಿಯಂಥವಕ್ಕೆ ಮಾತ್ರ ವಿನಾಯಿತಿ. ಕೊಂಡ ವಸ್ತುವಿಗೆ ಗಿಫ್ಟ್ ಎಂದು ಬರೆಯುವುದು ಸುಳ್ಳು ಘೋಷಣೆ, ಪೊಟ್ಟಣ ನಿಂತುಬಿಡುತ್ತದೆ.

ಅಷ್ಟಾದರೂ ತರಿಸುತ್ತೀರಿ ಎಂದಾದರೆ: ಕೊರಿಯರಿನವರು ಕೆವೈಸಿ ಕೇಳುತ್ತಾರೆ, ಆದ್ದರಿಂದ ಪಡೆಯುವವರ ಹೆಸರು ನಿಮ್ಮ ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ಮಗಳ ಮುದ್ದಿನ ಹೆಸರಿಗೆ ಬಂದ ಪೊಟ್ಟಣಗಳು ಕಾಗದ ಹೊಂದದೆ ದಿನಗಟ್ಟಲೆ ಕೂರುತ್ತವೆ. ಇನ್‌ವಾಯ್ಸ್ ಮತ್ತು ಪಾವತಿಯ ಪುರಾವೆ ಇಟ್ಟುಕೊಳ್ಳಿ. ಅಂಚೆಯಲ್ಲಿ ಬಂದರೆ ಬಲ್ಲಾರ್ಡ್ ಎಸ್ಟೇಟಿನ ವಿದೇಶ್ ಡಾಕ್ ಭವನದಲ್ಲಿ ಸುಂಕ ಹಾಕುತ್ತಾರೆ, ಪೋಸ್ಟ್‌ಮ್ಯಾನ್ ಬಂದಾಗ ಕಟ್ಟಬೇಕಾಗುತ್ತದೆ. ಮೂರ್ನಾಲ್ಕು ಮಕ್ಕಳು ಸೇರಿ ಒಂದೇ ಪೊಟ್ಟಣದಲ್ಲಿ ತರಿಸಿದರೆ ಕೊರಿಯರ್ ಖರ್ಚು ಹಂಚಿಕೆಯಾಗುತ್ತದೆ. ಆದರೆ ಒಂದೇ ವಸ್ತು ಹತ್ತಿಪ್ಪತ್ತು ಇದ್ದರೆ ಸ್ವಂತ ಬಳಕೆಗೆ ಎಂದು ಅಧಿಕಾರಿ ಒಪ್ಪುವುದಿಲ್ಲ.

ಪ್ರಶ್ನೆ (ಮಡಗಾಂವ್‌ನಿಂದ):
ನಮ್ಮದು ಹೆವಿ ಮೆಟಲ್. ಐರನ್ ಮೇಡನ್, ಮೆಟಾಲಿಕಾ ಕ್ಲಬ್ಬುಗಳಿಗೂ ಇದೇ ಮಾತೇ?

ಉತ್ತರ (ಟಿಕೆಟಿಂಗ್, ಗೋರೆಗಾಂವ್):
ಸ್ವಲ್ಪ ಬೇರೆ, ಅಣ್ಣ. ಮೆಟಾಲಿಕಾದ ಸದಸ್ಯತ್ವಕ್ಕೆ ಈಗ ದುಡ್ಡೇ ಇಲ್ಲ. 'ಫಿಫ್ತ್ ಮೆಂಬರ್' ಎಂದು ಉಚಿತವಾಗಿ ಸೇರಬಹುದು, ಅದರಲ್ಲೇ ಪ್ರೀಸೇಲೂ ಬರುತ್ತದೆ. ಯೋಚಿಸುವುದೇ ಬೇಡ, ಸೇರಿಬಿಡಿ. ಐರನ್ ಮೇಡನ್‌ದು ಹಣ ಕೊಟ್ಟು ಸೇರುವ ಕ್ಲಬ್. ಅದರಲ್ಲಿ ಪತ್ರಿಕೆ, ಪ್ರೀಸೇಲ್, ಜೊತೆಗೆ 'ಫಸ್ಟ್ ಟು ದ ಬ್ಯಾರಿಯರ್' ಎಂಬ ಚೀಟಿ ಎತ್ತುವ ಪದ್ಧತಿ ಇದೆ. ಹೆಸರು ಬಂದವರನ್ನು ಉಳಿದವರಿಗಿಂತ ಮುಂಚೆ ಒಳಗೆ ಬಿಟ್ಟು ವೇದಿಕೆಯ ಕಟಕಟೆಯ ಹತ್ತಿರ ನಿಲ್ಲಲು ಕೊಡುತ್ತಾರೆ. ಟಿಕೆಟ್ ಬೇರೆಯೇ ಕೊಳ್ಳಬೇಕು. ಆ ಬ್ಯಾಂಡ್ 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ, 2008ರ ಫೆಬ್ರುವರಿ 1ರಂದು ಮುಂಬೈಯಲ್ಲಿ ನುಡಿಸಿದೆ. ಇಲ್ಲಿಯ ಶೋಗಾಗಿ ಮಾತ್ರ ವರ್ಷವರ್ಷ ಕಟ್ಟುವುದು ವ್ಯರ್ಥ. ಯುರೋಪಿಗೆ ಹೋಗಿ ನೋಡುವ ಯೋಜನೆ ಗಟ್ಟಿಯಾಗಿದ್ದರೆ ಆ ವರ್ಷಕ್ಕೆ ಕಟ್ಟಿ, ಕಟಕಟೆಯ ಹತ್ತಿರ ನಿಲ್ಲುವ ಆ ಅವಕಾಶಕ್ಕಾಗಿ ಅಷ್ಟು ಕೊಡಬಹುದು. ಹೊರಡುವ ಮುಂಚೆ ವೀಸಾ ಯೋಚಿಸಿ. ಪ್ರೀಸೇಲಿನಲ್ಲಿ ಕೊಂಡ ಟಿಕೆಟ್ಟಿನ ದುಡ್ಡು ವೀಸಾ ಸಿಗದಿದ್ದರೆ ಸಾಮಾನ್ಯವಾಗಿ ವಾಪಸು ಬರುವುದಿಲ್ಲ.

ಪ್ರಶ್ನೆ (ಠಾಣೆಯಿಂದ):
ತಮ್ಮನಿಗೆ ಟೆಲಿಗ್ರಾಮಿನಲ್ಲಿ ಒಬ್ಬ ನಾಯಕನಟನ 'ಮ್ಯಾನೇಜರ್' ಮೆಸೇಜ್ ಮಾಡಿದ್ದಾನೆ. 4,999 ಕೊಟ್ಟರೆ ವಿಐಪಿ ಫ್ಯಾನ್ ಕಾರ್ಡ್, ಖುದ್ದು ಭೇಟಿ ಎನ್ನುತ್ತಾನೆ. ನಂಬಬಹುದೇ?

ಉತ್ತರ (ಬ್ಯಾಂಕ್ ಕಾರ್ಡ್ ವಿಭಾಗ, ಪುಣೆ):
ಖಂಡಿತ ನಂಬಬೇಡಿ, ಇದು ಮೋಸ. ಅಧಿಕೃತ ಕ್ಲಬ್ ಯಾವುದೂ ಅಭಿಮಾನಿಗೆ ತಾನಾಗಿ ಮೆಸೇಜ್ ಮಾಡಿ ದುಡ್ಡು ಕೇಳುವುದಿಲ್ಲ, ಖಾಸಗಿ ಯುಪಿಐ ಐಡಿಗೆ ಹಾಕಿಸಿಕೊಳ್ಳುವುದಿಲ್ಲ, ಗಿಫ್ಟ್ ಕಾರ್ಡ್ ನಂಬರ್ ಕೇಳುವುದಿಲ್ಲ. ನಮ್ಮ ಕಡೆಯ ಚಿತ್ರನಟರ ಅಭಿಮಾನಿ ಸಂಘಗಳು ರಕ್ತದಾನ, ಕಟೌಟು, ಹಾಲಿನ ಅಭಿಷೇಕ ಎಂದು ಊರಿನ ಹುಡುಗರೇ ನಡೆಸುವಂಥವು, ನಟನ ಭೇಟಿಯನ್ನು ಮಾರುವ ಅಂಗಡಿಗಳಲ್ಲ. ದುಡ್ಡು ಆಗಲೇ ಹೋಗಿದ್ದರೆ ಈ ಕ್ಷಣವೇ 1930ಕ್ಕೆ ಫೋನ್ ಮಾಡಿ, ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಹಾಕಿ, ಬ್ಯಾಂಕಿಗೂ ತಿಳಿಸಿ. ಮೊದಲ ಒಂದೆರಡು ಗಂಟೆಯೊಳಗೆ ಹೇಳಿದರೆ ಹಣವನ್ನು ಅವನ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಚಾಟ್ ಅಳಿಸಬೇಡಿ.

ಪ್ರಶ್ನೆ (ಡೊಂಬಿವಲಿ):
ಕೊನೆಯದಾಗಿ ಒಂದು. ಮಗಳ ಮೂವರು ಗೆಳತಿಯರೂ ಇದ್ದಾರೆ. ನಾಲ್ವರೂ ಸೇರಬೇಕೇ? ಪ್ರೀಸೇಲಿನಲ್ಲಿ ಸಿಗದೇ ಹೋದರೆ?

ಉತ್ತರ (ಟಿಕೆಟಿಂಗ್, ಗೋರೆಗಾಂವ್):
ನೋಟಿಸಿನಲ್ಲಿ 'ಒಬ್ಬ ಸದಸ್ಯರಿಗೆ ಗರಿಷ್ಠ ಎಷ್ಟು ಟಿಕೆಟ್' ಎಂಬ ಸಾಲನ್ನು ಹುಡುಕಿ, ಅಕ್ಕಾ. ಸಿಯೋಲಿನ ಶೋಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಂದೇ. ಹೊರದೇಶಗಳಲ್ಲಿ ನಾಲ್ಕರ ತನಕ ಕೊಡುವುದುಂಟು. ನಾಲ್ಕು ಎಂದಿದ್ದರೆ ಇಬ್ಬರು ಸೇರಿದರೆ ಸಾಕು. ಒಬ್ಬಳ ನೆಟ್ಟು ಕೈಕೊಟ್ಟರೆ ಇನ್ನೊಬ್ಬಳು ಇರುತ್ತಾಳೆ. ಖರ್ಚನ್ನು ನಾಲ್ವರಿಗೂ ಹಂಚಿದರೆ ತಲೆಗೆ 1,200 ರೂಪಾಯಿಯ ಒಳಗೇ. ಈ ಮೊತ್ತಕ್ಕೆ ನಾನೂ ಹೌದು ಎನ್ನುತ್ತೇನೆ.

ಮಾರಾಟದ ದಿನ ಅರ್ಧ ಗಂಟೆ ಮುಂಚೆಯೇ ಲಾಗಿನ್ ಆಗಿರಲಿ. ವೇಟಿಂಗ್ ರೂಮ್ ಇರುವ ಸೈಟುಗಳಲ್ಲಿ ಮಾರಾಟ ತೆರೆದಾಗ ಒಳಗಿದ್ದವರಿಗೆ ಕ್ರಮಸಂಖ್ಯೆ ಚೀಟಿ ಎತ್ತಿದ ಹಾಗೆ ಬೀಳುತ್ತದೆ, ಬೆಳಗಿನ ಜಾವದಿಂದ ಕಾದವರಿಗೆ ಹೆಚ್ಚುವರಿ ಲಾಭವಿಲ್ಲ. ಒಂದು ಖಾತೆ, ಒಂದು ಸಾಧನ. ಅದೇ ಖಾತೆಯನ್ನು ಮೂರು ಫೋನಿನಲ್ಲಿ ತೆರೆದರೆ ಒಂದು ಇನ್ನೊಂದನ್ನು ಹೊರಹಾಕಬಹುದು. ರಿಫ್ರೆಶ್ ಒತ್ತಬೇಡಿ, ಸಾಲಿನಲ್ಲಿದ್ದ ಜಾಗ ಹೋಗಬಹುದು. ಸೀಟು ಆಯ್ದ ಮೇಲೆ ದುಡ್ಡು ಕಟ್ಟಲು ಇರುವುದು ಕೆಲವೇ ನಿಮಿಷ. ಓಟಿಪಿ ಬರುವ ಫೋನ್ ನಿಮ್ಮ ಕೈಯಲ್ಲೇ ಇರಲಿ, ಸಂಜೆಯ ಲೋಕಲ್ ರೈಲಿನಲ್ಲಿ ಕುರ್ಲಾ ದಾಟುತ್ತಿರುವಾಗ ಈ ಕೆಲಸ ಬೇಡ. ಯಾವ ಬೆಲೆಯ ಸೀಟು, ಅದು ಸಿಗದಿದ್ದರೆ ಎರಡನೆಯದು ಯಾವುದು ಎಂದು ಹಿಂದಿನ ರಾತ್ರಿಯೇ ನಾಲ್ವರೂ ಒಪ್ಪಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಅಲ್ಲಿ ಚರ್ಚೆ ಮಾಡುತ್ತ ಕೂತರೆ ಸೀಟು ಕೈಬಿಡುತ್ತದೆ.

ಪ್ರೀಸೇಲಿನಲ್ಲಿ ಸಿಗದಿದ್ದರೆ ಸಾಮಾನ್ಯ ಮಾರಾಟದ ದಿನ ಮತ್ತೆ ನಿಲ್ಲಬಹುದು, ಎಲ್ಲ ಸೀಟನ್ನೂ ಪ್ರೀಸೇಲಿಗೇ ಬಿಟ್ಟಿರುವುದಿಲ್ಲ. ಪಾವತಿಯಾಗದೆ ಉಳಿದ ಸೀಟುಗಳು ಮೊದಲ ಗಂಟೆಯಲ್ಲಿ ಆಗಾಗ ವಾಪಸು ಬರುತ್ತವೆ, 'ಸೋಲ್ಡ್ ಔಟ್' ಕಂಡ ಕೂಡಲೇ ಎದ್ದು ಹೋಗಬೇಡಿ. ಬೇಡಿಕೆ ಹೆಚ್ಚಿದರೆ ಇನ್ನೊಂದು ದಿನ ಸೇರಿಸುವುದೂ ಉಂಟು, ಕೋಲ್ಡ್‌ಪ್ಲೇಯ ಜನವರಿ 21ರ ಶೋ ಹಾಗೆ ಸೇರಿದ್ದು. ವಾಟ್ಸ್ಆ್ಯಪಿನಲ್ಲಿ ಸ್ಕ್ರೀನ್‌ಶಾಟ್ ತೋರಿಸಿ ಟಿಕೆಟ್ ಮಾರುವವರಿಂದ ಮಾತ್ರ ಕೊಳ್ಳಬೇಡಿ. ಒಂದೇ ಕ್ಯೂಆರ್ ಕೋಡನ್ನು ಹತ್ತು ಜನಕ್ಕೆ ಮಾರಿದ್ದರೆ ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವರಷ್ಟೇ ಒಳಗೆ ಹೋಗುತ್ತಾರೆ.