ಅಪ್‌ಡೇಟ್: ಲಿಸ್ಬನ್‌ಗೆ ಹೋಗಿ ಬಂದೆವು

ಸಸ್ಯಾಹಾರಿ ಹೆಂಡತಿ ಜೊತೆ ಲಿಸ್ಬನ್‌ಗೆ ಹೊರಟಿದ್ದೇನೆ, ಊಟಕ್ಕೆ, ರಾತ್ರಿ ಸುತ್ತಾಟಕ್ಕೆ ಎಲ್ಲಿ ಹೋಗೋದು ಅಂತ ಕೇಳಿದ್ದೆ. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಊಟಕ್ಕೆ ಸ್ವಲ್ಪ ಪರದಾಡಿದೆವು. ಕಾಲ್ದು ವೆರ್ದೆ ಸೊಪ್ಪಿನ ಸೂಪ್ ಅಲ್ವಾ ಅಂತ ತರಿಸಿದರೆ, ಅದರಲ್ಲೂ ಹಂದಿಮಾಂಸದ ಸಾಸೇಜ್ ಚೂರು! ಮೊದಲೇ ಕೇಳಿಕೊಳ್ಳಿ. ಹೇಳದೆ ತಂದಿಡುವ ಬ್ರೆಡ್, ಆಲಿವ್‌ ತಿಂದರೆ ಅದಕ್ಕೂ ದುಡ್ಡು. ಬೇಡ ಅಂದರೆ ವಾಪಸ್ ಒಯ್ಯುತ್ತಾರೆ.

ಲಿಸ್ಬನ್‌ನ ಬೆಲೆಂ ಬಡಾವಣೆಯಲ್ಲಿ 1837ರಿಂದ ನಡೆಯುತ್ತಿರುವ ಅಂಗಡಿಯ ಕಸ್ಟರ್ಡ್ ಟಾರ್ಟ್ ಮಾತ್ರ ಬಿಡಲೇಬೇಡಿ. ಮೊಟ್ಟೆ ಇರುತ್ತದೆ, ನನ್ನವಳಿಗೆ ಅದು ನಡೆಯುತ್ತದೆ. ಮೇಲೆ ಅಲ್ಲಲ್ಲಿ ಸುಟ್ಟ ಕಪ್ಪು ಕಲೆ, ಒಳಗೆ ಬಿಸಿ ಬಿಸಿ ಕೆನೆ. ಚಕ್ಕೆ ಪುಡಿ ಉದುರಿಸಿ ಕಚ್ಚಿದರೆ ಪದರ ಪದರವಾಗಿ ಮುರಿಯುತ್ತದೆ. ಇಬ್ಬರೂ ಸೇರಿ ಆರು ತಿಂದೆವು.

ಬೈರು ಆಲ್ತು ಬೀದಿಗಳಲ್ಲಿ ರಾತ್ರಿ ಜನ ಗ್ಲಾಸ್ ಹಿಡಿದು ಹೊರಗೇ ನಿಂತು ಹರಟುತ್ತಾರೆ. ನಮಗೆ ಗದ್ದಲ ಜಾಸ್ತಿ ಅನ್ನಿಸಿತು. ಮನಸ್ಸು ತುಂಬಿದ್ದು ಹಳೇ ಬಡಾವಣೆ ಅಲ್ಫಾಮಾದಲ್ಲಿ ಫಾದು, ಅಂದರೆ ಪೋರ್ಚುಗಲ್‌ನ ವಿಷಾದದ ಹಾಡು, ಕೇಳಿದಾಗ. ದೀಪ ಮಂದ ಮಾಡಿದರು, ಚಮಚದ ಸದ್ದೂ ನಿಂತಿತು. 12 ತಂತಿಯ ಪೋರ್ಚುಗೀಸ್ ಗಿಟಾರ್ ಶುರುವಾಯಿತು. ಭಾಷೆ ಒಂದಕ್ಷರ ಗೊತ್ತಿಲ್ಲ, ಆದರೂ ಪಕ್ಕದಲ್ಲಿ ಇವಳು ಸುಮ್ನೆ ಕಣ್ಣು ಒರೆಸಿಕೊಳ್ಳುತ್ತಿದ್ದಳು.