ಹಕ್ಕಿ ಹೋಯ್ತು ಅಂತ ಯಾವ ದಿನ ಬರೆಯೋದು?

ಹಿತ್ತಲಕಟ್ಟೆ, ಧಾರವಾಡ (ಏಪ್ರಿಲ್ 12)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಆದರೆ ಹತ್ತು ದಿನದಿಂದ ತಲೆ ತಿನ್ನುತ್ತಿದೆ.

ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿದೆ. ಅದರ ನೀರು ಹರಿಯೋ ಗಟಾರದ ಅಂಚಿಗೆ ಪ್ರತಿ ಚಳಿಗಾಲ ಒಂದೇ ಒಂದು ಹಕ್ಕಿ ಬರುತ್ತದೆ. ಬೆನ್ನು ಬೂದು, ಬಾಲದ ಬುಡ ಹಳದಿ. ಬಾಲ ಮಾತ್ರ ಒಂದು ಗಳಿಗೆ ಸುಮ್ಮನಿರಲ್ಲ. ಪುಸ್ತಕದಲ್ಲಿ ಬೂದು ಸಿಪಿಲೆ. ಕುಂಡೆಕುಸ್ಕ ಅಂತಲೂ ಅನ್ನುತ್ತಾರೆ. ನಮ್ಮ ಮನೆಯವರು ಇಟ್ಟ ಹೆಸರು ‘ಬಾಲ ಕುಣಿಸಾಂವ’.

ಬಂದ ದಿನ ಬರೆಯೋದು ಸುಲಭ. ಕೂಗಿಕೊಂಡೇ ಬರುತ್ತದೆ. ಸೆಪ್ಟೆಂಬರ್ 9ರ ಬೆಳಿಗ್ಗೆ ಬಂತು, ಹಾಲಿನ ಲೆಕ್ಕ ಇಡೋ ಕ್ಯಾಲೆಂಡರಿನಲ್ಲೇ ಬರೆದಿಟ್ಟೆ. ಆದರೆ ಹೋಗುವಾಗ ಹೇಳಿ ಹೋಗಲ್ಲ ನೋಡಿ. ಏಪ್ರಿಲ್ 2ರಿಂದ ಮೂರು ದಿನ ಕಾಣಲಿಲ್ಲ. ‘ಹೋಯ್ತು’ ಅಂತ ಬರೆದೆ. 5ನೇ ತಾರೀಕು ಅದೇ ಕಲ್ಲಿನ ಮೇಲೆ ಕೂತಿತ್ತು! ಬರೆದದ್ದನ್ನು ಹೊಡೆದು ಹಾಕಿದೆ. ಮತ್ತೆ ಮೂರು ದಿನ ಇಲ್ಲ, ಮತ್ತೆ ‘ಹೋಯ್ತು’ ಅಂದೆ. 9ಕ್ಕೆ ಮತ್ತೆ ಹಾಜರು. ಈಗ 10ರಿಂದ ಕಂಡಿಲ್ಲ. ಬರೆಯಲು ಕೈ ಬರುತ್ತಿಲ್ಲ. ನೀವೆಲ್ಲ ಹೇಗೆ ಬರೆಯುತ್ತೀರಿ?

ಕಡಲೆಹೊಲ, ಶಿರಹಟ್ಟಿ (ಏಪ್ರಿಲ್ 12)

ಅಕ್ಕಾರೆ, ನಮ್ಮ ಕಡೆ ಈ ತ್ರಾಸಿಲ್ಲ. ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು ಹೋದರೆ ಊರಿಗೇ ಗೊತ್ತಾಗುತ್ತದೆ. (ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ನಮ್ಮ ಗದಗ ಜಿಲ್ಲೆಯದು. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಕೆರೆ-ಜೌಗುಗಳ ಪಟ್ಟಿಗೆ, ಸೇರಿದ ಕೆರೆ.) ಹಗಲು ನೀರಿನಲ್ಲಿ ನಿದ್ದೆ, ಕತ್ತಲಾದರೆ ಹೊಲಕ್ಕೆ ದಾಳಿ. ಹೋದ ಮೇಲೆ ರಾತ್ರಿ ಗದ್ದಲ ನಿಂತು ಹೋಗುತ್ತದೆ, ನಮಗೂ ನಿದ್ದೆ. ಆದರೂ ಕೆರೆ ಖಾಲಿ ಕಂಡರೆ ಬೇಜಾರು.

ಕೆರೆಏರಿ, ಮೈಸೂರು (ಏಪ್ರಿಲ್ 13)

ಮೇಡಂ, ‘ಹೋಯ್ತು’ ಅಂತ ಬರೆಯಲೇಬೇಡಿ. ಕಂಡ ದಿನ 1, ನೋಡಿಯೂ ಕಾಣದ ದಿನ 0, ನೋಡಲೇ ಆಗದ ದಿನ ಖಾಲಿ ಬಿಡಿ. ಸೊನ್ನೆಗೂ ಖಾಲಿಗೂ ತುಂಬಾ ವ್ಯತ್ಯಾಸ ಇದೆ. ಮೇ ಬಂದ ಮೇಲೆ ಹಿಂದಕ್ಕೆ ನೋಡಿದರೆ ಕೊನೆಯ 1 ಎಲ್ಲಿದೆಯೋ ಅದೇ ನಿಮ್ಮ ಕೊನೆ ದಿನ. ಇ-ಬರ್ಡ್‌ನಲ್ಲೂ (ಹಕ್ಕಿ ನೋಡುವವರು ತಮ್ಮ ಪಟ್ಟಿ ಹಾಕುವ ಜಾಲತಾಣ) ಕಂಡ ಹಕ್ಕಿಗಳನ್ನೆಲ್ಲ ಸೇರಿಸಿ ಪೂರ್ತಿ ಪಟ್ಟಿ ಹಾಕಿದರೆ, ಅದರಲ್ಲಿ ಇಲ್ಲದ್ದು ಕಾಣಲಿಲ್ಲ ಅಂತಲೇ ಲೆಕ್ಕ. ಬಂದ ದಿನವನ್ನು ಎಲ್ಲರೂ ಬರೆಯುತ್ತಾರೆ. 2007ರಲ್ಲಿ, ವಲಸೆ ಹಕ್ಕಿಗಳ ಲೆಕ್ಕವನ್ನು ಜನರಿಂದಲೇ ಬರೆಸುವ ಮೈಗ್ರಂಟ್‌ವಾಚ್ ಶುರುವಾದಾಗಲೂ ಜನರನ್ನು ಮೊದಲು ಕೇಳಿದ್ದು ಅದನ್ನೇ. ಹೋದ ದಿನ ಬರೆಯೋರು ಕಡಿಮೆ.

ಇನ್ನೊಂದು ಮಾತು. 5ಕ್ಕೆ ಕಂಡದ್ದು, 9ಕ್ಕೆ ಕಂಡದ್ದು ಒಂದೇ ಹಕ್ಕಿ ಅಂತ ಹೇಗೆ ಹೇಳುತ್ತೀರಿ? ಫೋಟೋ ಇದ್ದರೆ ಗಂಟಲು ನೋಡಿ. ಚಳಿಗಾಲದಲ್ಲಿ ಗಂಡು ಹೆಣ್ಣು ಎರಡಕ್ಕೂ ಗಂಟಲು ಬಿಳಿ. ಹೊರಡುವ ಹೊತ್ತಿಗೆ ಗಂಡಿಗೆ ಹೊಸ ಗರಿ ಬಂದು ಗಂಟಲು ಕಪ್ಪಾಗುತ್ತದೆ.

ಹಿತ್ತಲಕಟ್ಟೆ, ಧಾರವಾಡ (ಏಪ್ರಿಲ್ 14)

ಅಯ್ಯೋ, ನೀವು ಹೇಳಿದ್ದು ಕೇಳಿ ರಾತ್ರಿ ಹತ್ತಕ್ಕೆ ಮನೆಯವರ ಫೋನು ಕಸಿದುಕೊಂಡೆ. ಮೊಮ್ಮಗನ ಫೋಟೋಗಳ ನಡುವೆ ಹುಡುಕಿ ಹುಡುಕಿ ಮೂರು ಸಿಕ್ಕವು. ಮಾರ್ಚ್ 28ರದ್ದರಲ್ಲಿ ಗಂಟಲು ಬಿಳಿ. 5ರದ್ದರಲ್ಲೂ ಬಿಳಿ, ಒಂದು ಚುಕ್ಕೆಯೂ ಇಲ್ಲ. 9ರದ್ದು ಮಸುಕಾಗಿದೆ, ಆದರೂ ಗಂಟಲು ಕೆಂಡ ಆರಿದ ಇದ್ದಿಲಿನ ಹಾಗೆ ಕಪ್ಪು. ಏಳು ತಿಂಗಳು ದಿನಾ ನೋಡಿದವಳು ನಾನು, ನನಗೇ ಗೊತ್ತಾಗಲಿಲ್ಲ. ನಾಚಿಕೆಯಾಯಿತು.

ಹಾಗಾದರೆ ನಾಲ್ಕು ದಿನದಲ್ಲಿ ಅಷ್ಟು ಕಪ್ಪಾಗೋದು ಸಾಧ್ಯವಾ?

ಕೆರೆಏರಿ, ಮೈಸೂರು (ಏಪ್ರಿಲ್ 14)

ಇಲ್ಲ. ಗರಿ ಬದಲಾಗೋಕೆ ವಾರಗಳು ಬೇಕು, ನಡುವೆ ಕಲೆಕಲೆಯಾಗಿ ಕಾಣುತ್ತದೆ. 9ರದ್ದು ಬೇರೆ ಹಕ್ಕಿ. ಇನ್ನೂ ದಕ್ಷಿಣದಲ್ಲಿ ಚಳಿಗಾಲ ಕಳೆದು, ಉತ್ತರಕ್ಕೆ ಹೋಗುತ್ತಾ ನಿಮ್ಮ ಗಟಾರದಲ್ಲಿ ಒಂದು ದಿನ ತಂಗಿರಬೇಕು. ಹಿಮಾಲಯದ ತೊರೆಗಳವರೆಗೆ ದಾರಿ ಇದೆಯಲ್ಲ, ಹೊಟ್ಟೆಗೆ ಬೇಕು. ನಿಮ್ಮದು ಇದ್ದಿದ್ದರೆ ಅದನ್ನು ಕೂರಲೂ ಬಿಡುತ್ತಿರಲಿಲ್ಲ. ಸಿಪಿಲೆಗಳು ಜಾಗದ ವಿಷಯದಲ್ಲಿ ಜಗಳಗಂಟಿಗಳು. ಪಟ್ಟಿಯಲ್ಲಿ ಕೊನೆ ದಿನ 9 ಅಂತಲೇ ಇರಲಿ. ನಿಮ್ಮ ಹಕ್ಕಿಯನ್ನು ನೀವು ಕೊನೆಗೆ ನೋಡಿದ್ದು 5ಕ್ಕೆ.

ಕಡಲೆಹೊಲ, ಶಿರಹಟ್ಟಿ (ಏಪ್ರಿಲ್ 15)

ಅಕ್ಕಾರೆ, ಅಂದರೆ ನಿಮ್ಮ ಮನೆ ಬಾಡಿಗೆದಾರ ಖಾಲಿ ಮಾಡಿ ಹೋದ, ನೀವು ದಾರಿಹೋಕನಿಗೆ ಉಪಚಾರ ಮಾಡಿದಿರಿ!

ಹಿತ್ತಲಕಟ್ಟೆ, ಧಾರವಾಡ (ಮೇ 2)

ಲೆಕ್ಕ ಒಪ್ಪಿಸುತ್ತಿದ್ದೇನೆ. ಕೆರೆಏರಿಯವರು ಹೇಳಿದ ಹಾಗೆ ದಿನಾ ಬೆಳಿಗ್ಗೆ ಏಳಕ್ಕೆ ಚಹಾ ಹಿಡಿದು ಕಲ್ಲಿನ ಹತ್ತಿರ ಹದಿನೈದು ನಿಮಿಷ ನಿಂತೆ. 14ರಿಂದ 30ರವರೆಗೆ ಹದಿನೇಳು ಸೊನ್ನೆ. ಖಾಲಿ ಒಂದೂ ಇಲ್ಲ, ಮದುವೆಗೆ ಹೋದ ದಿನವೂ ನೋಡಿಯೇ ಹೊರಟೆ.

ಒಂದು ಎಡವಟ್ಟಾಯಿತು. ಸೊನ್ನೆ ಹಾಕಿದ್ದು ಹಾಲಿನ ಕ್ಯಾಲೆಂಡರಿನಲ್ಲಿ ಅಲ್ವಾ? ನಿನ್ನೆ ಮನೆಯವರು ತಿಂಗಳ ಲೆಕ್ಕಕ್ಕೆ ಕೂತು, ಹದಿನೇಳು ದಿನ ಹಾಲು ಬಂದಿಲ್ಲ ಅಂತ ಹಾಲಿನವನ ಜೊತೆ ಗೇಟಿನಲ್ಲೇ ವಾದಕ್ಕೆ ನಿಂತಿದ್ದರು. ಅವನು ಪಾಪ, ‘ಅಜ್ಜಾರೆ, ದಿನಾ ಚಹಾ ಯಾವುದರಲ್ಲಿ ಕುಡಿದಿರಿ?’ ಅಂದ. ನಾನು ಒಳಗಿಂದ ಓಡಿ ಬಂದು ಹೇಳುವಷ್ಟರಲ್ಲಿ ಪಕ್ಕದ ಮನೆಯವರೂ ಹೊರಗೆ ಬಂದಿದ್ದರು.

ಸೆಪ್ಟೆಂಬರಿಗೆ ಬೇರೆ ಕ್ಯಾಲೆಂಡರ್ ತರಬೇಕು.