ಮ್ಯಾನೇಜರ್‌ಗಳಿಗೆ ಗಿಟ್ ಎಷ್ಟರ ಮಟ್ಟಿಗೆ ಹೇಳಿಕೊಡಬೇಕು?

ಹೊಸ_ಮೆಂಟರ್
ನಮಸ್ಕಾರ. ಕೋಡ್‌ನಲ್ಲಿ ಯಾರು ಏನು ಬದಲಾಯಿಸಿದರು ಅಂತ ದಾಖಲಿಡೋಕೆ ಬಳಸ್ತಿದ್ದ ಸಬ್‌ವರ್ಷನ್ ಬಿಟ್ಟು ನಾವು ಗಿಟ್‌ಗೆ ಬರ್ತಿದ್ದೀವಿ. ಮೂರು ತಿಂಗಳಿಗೊಮ್ಮೆ ಇದ್ದ ರಿಲೀಸ್ ಇನ್ಮುಂದೆ ವಾರಕ್ಕೊಮ್ಮೆ ಆಗಬೇಕು. ಡೆವಲಪರ್‌ಗಳು ಒಗ್ಗಿಕೊಳ್ತಿದ್ದಾರೆ. ಮ್ಯಾನೇಜರ್‌ಗಳು, ಪ್ರಾಜೆಕ್ಟ್ ಲೀಡ್‌ಗಳ ಜವಾಬ್ದಾರಿ ನನಗೆ ಬಂದಿದೆ. ಟ್ರೈನಿಂಗ್ ಆಯ್ತು, ಎಲ್ಲರೂ ತಲೆಯಾಡಿಸಿದರು. ಮೀಟಿಂಗ್‌ಗೆ ಬಂದರೆ ಮತ್ತೆ ಅದೇ ಎಕ್ಸೆಲ್ ಶೀಟ್, ಅದೇ "ಎಷ್ಟು ಪರ್ಸೆಂಟ್ ಮುಗೀತು?" ಇವರಲ್ಲಿ ಕೆಲವರು ನನಗಿಂತ ತುಂಬಾ ಸೀನಿಯರ್. ಕೂರಿಸಿ ಕಮ್ಯಾಂಡ್ ಕಲಿಸಲಾ? ಡ್ಯಾಶ್‌ಬೋರ್ಡ್ ಮಾಡಿಕೊಟ್ಟು ಸುಮ್ಮನಾಗಲಾ?

ಬಿಲ್ಡ್_ನೋಡುವವಳು
ಎರಡೂ ಬೇಡ. ಹಲವು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ಸ್ವಲ್ಪ ಉದ್ದಕ್ಕೇ ಬರೀತೀನಿ.

"ಎಷ್ಟು ಪರ್ಸೆಂಟ್" ಅಂತ ಅವರು ಹಟಕ್ಕೆ ಕೇಳ್ತಿಲ್ಲ. ಮೇಲಿನವರು ಅವರ ಹತ್ರ ತಾರೀಖು ಕೇಳ್ತಾರೆ. ಹಳೇ ಪದ್ಧತಿಯಲ್ಲಿ ಕಣ್ಣಳತೆಯಲ್ಲೇ ಅಂದಾಜು ಹೇಳುವಷ್ಟು ಪಳಗಿದ್ದರು, ಹೊಸದು ಬಂದ ದಿನ ಆ ಹಿಡಿತ ತಪ್ಪಿತು. ಅದನ್ನ ವಾಪಸ್ ಕೊಡೋದು ನಿಮ್ಮ ಕೆಲಸ. ರೀಬೇಸ್‌ನಂಥ ಗಿಟ್ ಕಮ್ಯಾಂಡ್ ಅವರಿಗೆ ಬರದಿದ್ದರೂ ನಡೆಯುತ್ತೆ.

ನಾನು ಒಬ್ಬೊಬ್ಬರ ಜೊತೆಗೇ ಕೂರ್ತೀನಿ, ಅವರ ಟೀಮ್ ಎದುರಿಗಂತೂ ಎಂದೂ ಇಲ್ಲ. ಕೈಕೆಳಗಿನವರ ಮುಂದೆ "ಬ್ರಾಂಚ್ ಅಂದ್ರೇನು" ಅಂತ ಯಾವ ಸೀನಿಯರ್ ಕೇಳ್ತಾರೆ ಹೇಳಿ? ಅವರದೇ ಪ್ರಾಜೆಕ್ಟ್‌ನಲ್ಲಿ ಹೋದ ವಾರ ಮರ್ಜ್ ಆದ, ಅಂದರೆ ಮುಖ್ಯ ಕೋಡ್‌ಗೆ ಸೇರಿದ, ಪುಲ್ ರಿಕ್ವೆಸ್ಟ್ (ಬದಲಾವಣೆ ನೋಡಿ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಒಂದನ್ನ ತೆರೀತೀನಿ. ಕೋಡ್ ಮುಟ್ಟೋದಿಲ್ಲ, ದಿನ-ಗಂಟೆ ಮಾತ್ರ ಓದ್ತೀವಿ. ಒಮ್ಮೆ ಹೀಗಿತ್ತು: ಮೊದಲ ಕಮಿಟ್ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ) ಸೋಮವಾರ ಬೆಳಗ್ಗೆ, ಪುಲ್ ರಿಕ್ವೆಸ್ಟ್ ಅವತ್ತೇ ಸಂಜೆ, ಮೊದಲ ರಿವ್ಯೂ ಕಾಮೆಂಟ್ ಗುರುವಾರ ಮಧ್ಯಾಹ್ನ, ತಿದ್ದಿ ಮರ್ಜ್ ಮಾಡೋಕೆ ಬರೀ ಒಂದು ಗಂಟೆ. ಆ ಡೆಲಿವರಿ ಮ್ಯಾನೇಜರ್ ಪರದೆಯತ್ತ ಬಗ್ಗಿ, "ಮಂಗಳವಾರ, ಬುಧವಾರ ಇದು ಯಾರ ಹತ್ರ ಇತ್ತು?" ಅಂದರು. ಸರಿಯಾದ ಪ್ರಶ್ನೆ ಅದು! ಮುಂದಿನ ವಾರ ಅವರೇ ಟೀಮ್ ಜೊತೆ ಮಾತಾಡಿ, ರಿವ್ಯೂಗೆ ಅಂತಲೇ ದಿನದಲ್ಲಿ ಒಂದು ಹೊತ್ತು ಗೊತ್ತುಮಾಡಿದರು.

ಆಮೇಲೆ ಫೀಚರ್ ಫ್ಲ್ಯಾಗ್, ಅಂದರೆ ಒಂದು ಫೀಚರ್ ಆನ್-ಆಫ್ ಮಾಡೋ ಸ್ವಿಚ್. ಕೋಡ್ ಪ್ರೊಡಕ್ಷನ್‌ಗೆ (ಗ್ರಾಹಕರು ಬಳಸೋ ಸಿಸ್ಟಂಗೆ) ಹೋಗಿದ್ದರೂ ಗ್ರಾಹಕರ ಕಣ್ಣಿಗೆ ಬೀಳದೆ ಇರಬಹುದು ಅನ್ನೋದು ಬಾಯಲ್ಲಿ ಹೇಳಿದರೆ ತಲೆಗೆ ಹೋಗಲ್ಲ. ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆ ಇಟ್ಟ ಸಿಸ್ಟಂನಲ್ಲಿ) ಅವರ ಕೈಯಲ್ಲೇ ಫ್ಲ್ಯಾಗ್ ಆನ್-ಆಫ್ ಮಾಡಿಸಿ. ವಾರಕ್ಕೊಮ್ಮೆ ರಿಲೀಸ್ ಅಂದರೆ ಇರೋ ಭಯ ಅರ್ಧ ಅಲ್ಲೇ ಇಳಿಯುತ್ತೆ.

ಡ್ಯಾಶ್‌ಬೋರ್ಡ್ ಇದಾದ ಮೇಲೆ. ಸಾಫ್ಟ್‌ವೇರ್ ಡೆಲಿವರಿ ಬಗ್ಗೆ ಸಂಶೋಧನೆ ಮಾಡೋ ಡೋರಾ (DORA) ತಂಡದವರ ನಾಲ್ಕು ಅಳತೆ ಸಾಕು: ಎಷ್ಟು ಸಲ ಡಿಪ್ಲಾಯ್, ಕಮಿಟ್ ಪ್ರೊಡಕ್ಷನ್ ತಲುಪೋಕೆ ಎಷ್ಟು ಹೊತ್ತು, ಎಷ್ಟು ಬದಲಾವಣೆ ಎಡವಟ್ಟಾದವು, ಅದು ಸರಿಯಾಗೋಕೆ ಎಷ್ಟು ಸಮಯ. ಇದನ್ನ ಹಿಡಿದು ಟೀಮ್-ಟೀಮ್ ಹೋಲಿಸೋಕೆ ಮಾತ್ರ ಬಿಡಬೇಡಿ. ಆಮೇಲೆ ಎಲ್ಲರೂ ಅಂಕಿ ಚೆಂದ ಮಾಡೋಕೆ ಕೂರ್ತಾರೆ.

ಲೀಡ್_ಒಬ್ಬ
ಲೀಡ್ ಕಡೆಯಿಂದ ಒಂದು ಮಾತು. ಸಬ್‌ವರ್ಷನ್‌ನಲ್ಲಿ ರಿವಿಷನ್ ನಂಬರ್ ಸಾಲಾಗಿ ಏರುತ್ತಾ ಹೋಗುತ್ತೆ. "4120ರವರೆಗೆ ಟೆಸ್ಟ್ ಆಗಿದೆ" ಅಂದರೆ ಎಲ್ಲರಿಗೂ ಅರ್ಥ ಆಗ್ತಿತ್ತು. ಗಿಟ್‌ನಲ್ಲಿ ಪ್ರತಿ ಕಮಿಟ್‌ಗೂ 40 ಅಕ್ಷರದ ಹ್ಯಾಶ್ ಅನ್ನೋ ಗುರುತು, ಯಾವುದು ಮೊದಲು ಯಾವುದು ಆಮೇಲೆ ಅಂತ ನೋಡಿದರೆ ತಿಳಿಯಲ್ಲ. ನನಗೆ ಕಷ್ಟ ಆಗಿದ್ದು ಇದೊಂದೇ, ಯಾವ ಟ್ರೈನಿಂಗ್‌ನಲ್ಲೂ ಇದರ ಸುದ್ದಿ ಬರಲಿಲ್ಲ. ಪ್ರತಿ ಬಿಲ್ಡ್‌ಗೆ ಟ್ಯಾಗ್ (ಓದಿದರೆ ತಿಳಿಯೋ ಹೆಸರು) ಹಾಕೋದು ಶುರುಮಾಡಿದ ಮೇಲೆ ನೆಮ್ಮದಿ.

ಹೊಸ_ಮೆಂಟರ್
ಟ್ಯಾಗ್ ವಿಷಯ ನನಗೆ ಹೊಳೆದೇ ಇರಲಿಲ್ಲ, ನಾಳೆಯೇ ಮಾಡಿಸ್ತೀನಿ. ಆದರೆ ಒಬ್ಬ ಸೀನಿಯರ್ "ನನಗೆ ಪುರುಸೊತ್ತಿಲ್ಲ, ನನ್ನ ಲೀಡ್‌ಗೆ ಹೇಳಿ" ಅಂತ ಪ್ರತಿ ಸಲ ಜಾರಿಕೊಳ್ತಾರೆ. ಅವರನ್ನ ಹೇಗೆ ಕೂರಿಸೋದು?

ಬಿಲ್ಡ್_ನೋಡುವವಳು
ಕರೆಯೋದು ಬಿಡಿ. ಅವರು ಮೇಲಿನವರಿಗೆ ಸ್ಟೇಟಸ್ ಕೊಡೋ ದಿನ ಯಾವತ್ತು ಅಂತ ಲೀಡ್ ಹತ್ರ ತಿಳ್ಕೊಳ್ಳಿ. ಹಿಂದಿನ ದಿನ ಹೋಗಿ, "ನಾಳೆ ಯಾವ ತಾರೀಖು ಹೇಳ್ತೀರಿ, ಒಟ್ಟಿಗೆ ನೋಡೋಣವಾ?" ಅನ್ನಿ. ರಿವ್ಯೂಗೆ ಕಾಯ್ತಿರೋ ಪುಲ್ ರಿಕ್ವೆಸ್ಟ್‌ಗಳ ಪಟ್ಟಿ ಜೊತೆಗಿರಲಿ. ಟ್ರೈನಿಂಗ್ ಅನ್ನೋ ಮಾತೇ ಎತ್ತಬೇಡಿ. ಆ ಅರ್ಧ ಗಂಟೆ ಅವರಿಗೆ ಖಂಡಿತ ಸಿಗುತ್ತೆ. ಲೀಡ್‌ನೂ ಕರ್ಕೊಂಡು ಹೋಗಿ, ಮುಂದಿನ ಸಲ ನೀವು ಇಲ್ಲದಿದ್ದರೂ ಅವರಿಬ್ಬರೇ ಕೂತು ನೋಡ್ತಾರೆ.